ಗೇರುಕೊಪ್ಪಕ್ಕೆ ಬಾರದ ಅಣೆಕಟ್ಟು

ನಮ್ಮ ಯಜಮಾನರು ಹಂಡೆ ತರಲು ಹೋಗಿ ದುರ್ಬೀನು ತಂದರು.

ಇದು ಅರವತ್ತಾರನೆಯ ಇಸವಿ, ಶಿವರಾತ್ರಿ ಕಳೆದ ವಾರದ ಮಾತು. ಶರಾವತಿಗೆ ಅಣೆಕಟ್ಟು ಕಟ್ಟಿ ಮುಗಿಸಿದ ಎಂಜಿನಿಯರುಗಳು ಕ್ಯಾಂಪು ಖಾಲಿ ಮಾಡುತ್ತಿದ್ದರು. ಹಳೆಯ ಸಾಮಾನುಗಳ ಹರಾಜಿನಲ್ಲಿ ಒಳ್ಳೆಯ ತಾಮ್ರದ ಹಂಡೆ ಇದೆಯಂತೆ ಎಂದು ಸುದ್ದಿ ಬಂದಿತ್ತು. ನಮ್ಮ ಬಚ್ಚಲಿನ ಹಂಡೆ ತಳ ಸೋರುತ್ತಿತ್ತು. ಬೆಳಗಿನ ಬಸ್ಸಿಗೆ ಹೋದವರು ಸಂಜೆ ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ಇಳಿದರು. ಅದರ ಒಂದು ಕಣ್ಣಿನ ಗಾಜಿಗೆ ಬೂಸ್ಟು ಹಿಡಿದಿತ್ತು.

ಅತ್ತೆ ಕೆರಿಯಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದ್ರಲ್ಲಿ ಎಷ್ಟು ಕೊಡ ನೀರು ಕಾಯ್ತದೆ, ಧರ್ಮ?”

“ಅಮ್ಮಾ, ಇದು ದೂರ ಇರೋದನ್ನ ಹತ್ರ ತರ್ತದೆ.”

“ಹಂಗಾದ್ರೆ ಆ ಹಂಡೇನ ಹತ್ರ ತಾ, ಕಾಣಾಣ.”

ಯಜಮಾನರ ಹೆಸರು ಧರ್ಮಪ್ಪ. ಸಾಗರಕ್ಕೂ ಹೊಸನಗರಕ್ಕೂ ನಡುವಿರುವ ನಮ್ಮ ಗೇರುಕೊಪ್ಪದ ಪಂಚಾಯಿತಿಗೆ ಅವರು ಮೆಂಬರು. ಮೆಂಬರಾದದ್ದೂ ಒಂದು ಕಥೆಯೇ. ಬೇರೊಬ್ಬರ ಅರ್ಜಿಗೆ ಸೂಚಕರಾಗಿ ಸಹಿ ಹಾಕಲು ಹೋಗಿ, ಅಭ್ಯರ್ಥಿಯ ಜಾಗದಲ್ಲಿ ಹಾಕಿ, ಅವಿರೋಧವಾಗಿ ಆರಿಸಿ ಬಂದವರು. ನಾನು ಅದೇ ಊರಿನ ಶಾಲೆಯಲ್ಲಿ ಅಕ್ಕೋರು. ಸಹಿ ಮಾಡುವ ಮುನ್ನ ಓದಬೇಕು ಎಂದು ಎರಡನೇ ಕ್ಲಾಸಿನಿಂದಲೇ ಮಕ್ಕಳಿಗೆ ಕಲಿಸುತ್ತೇನೆ. ದೊಡ್ಡವರಿಗೆ ಕಲಿಸಲು ಸರ್ಕಾರ ನನ್ನನ್ನು ನೇಮಿಸಿರಲಿಲ್ಲ.

ದುರ್ಬೀನು ಬಂದ ಹದಿನೈದನೇ ದಿನ ಪಂಚಾಯಿತಿ ಸಭೆ ಇತ್ತು. ಚೇರ್ಮನ್ನರಿಗೆ ಜ್ವರ ಬಂದದ್ದರಿಂದ ಅಂದಿನ ಮಟ್ಟಿಗೆ ನಮ್ಮ ಯಜಮಾನರೇ ಅಧ್ಯಕ್ಷರು. ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಸಭೆ ನಡೆದಷ್ಟು ಹೊತ್ತೂ ಅಧ್ಯಕ್ಷರು ದುರ್ಬೀನಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದರಂತೆ. ಯಾರೋ ಕಾಗದ ಮುಂದಿಟ್ಟರು. ಇವರು ದುರ್ಬೀನನ್ನು ಕಣ್ಣಿನಿಂದ ತೆಗೆಯದೆ ಸಹಿ ಹಾಕಿದರು. ಅಕ್ಷರ ಮಾತ್ರ ಎಂದಿಗಿಂತ ದುಂಡಗಿತ್ತು.

ಅದರ ನಕಲು ಮಾರನೇ ದಿನ ಮನೆಗೆ ಬಂತು. ನಾನು ಓದಿದೆ, ಇನ್ನೊಮ್ಮೆ ಓದಿದೆ, ಆಮೇಲೆ ಗೋಡೆಗೆ ಒರಗಿಕೊಂಡೆ.

ನಮ್ಮೂರ ಕೆಳಗೆ ಹಿರೇಕೆರೆ. ಅದರ ಸುತ್ತ ಅರವತ್ತು ಎಕರೆ ಬ್ಯಾಣ. ಹುಲ್ಲುಗಾವಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಊರಿನ ದನ ಮೇಯುವುದು ಅಲ್ಲಿ, ಮಾಡಿಗೆ ಹೊದೆಸುವ ಹುಲ್ಲು ಸಿಗುವುದು ಅಲ್ಲಿ. ಸಾಗರದ ಅಡಿಕೆ ಮಂಡಿಯ ಸುಬ್ಬಯ್ಯನವರು ಹಿಂದಿನ ವರ್ಷ ಆಳು ಕಳಿಸಿ ಕೆರೆಯ ಏರಿ ಒಡೆಸಿದ್ದರು. ನೀರೆಲ್ಲ ಹರಿದುಹೋಗಿ ಕೆಸರು ಬಿರುಕು ಬಿಟ್ಟಿತ್ತು. ಬ್ಯಾಣದ ಒಂದು ಮೂಲೆಯನ್ನು ಉತ್ತೂ ಆಗಿತ್ತು. ಈಗ ಇಡೀ ಜಾಗ ತಮಗೆ ಮಂಜೂರಾಗಬೇಕೆಂದು ದರಖಾಸ್ತು ಹಾಕಿದ್ದರು: ಇದು ಬಂಜರು, ಯಾರಿಗೂ ಬೇಡದ್ದು, ಇದಕ್ಕೆ ಪಂಚಾಯಿತಿಯ ತಕರಾರು ಇಲ್ಲ. ಕೆಳಗೆ ದುಂಡಗಿನ ಸಹಿ.

“ರೀ, ಇದನ್ನ ಓದಿದ್ರಾ?” ಎಂದೆ.

“ಓದಿದ್ರೆ ಸಹಿ ಯಾಕೆ ಹಾಕ್ತಿದ್ದೆ?”

“ಊರಿನ ಕೆರೆ, ಊರಿನ ಬ್ಯಾಣ. ಅಮಲ್ದಾರರು ಬಂದು ಜಾಗ ನೋಡಿ ಹೂಂ ಅಂದ್ರೆ ಮುಗೀತು. ಇನ್ನು ಮೂರು ತಲೆಮಾರು ಜನ ಅದನ್ನ ಧರ್ಮಪ್ಪ ಕಳೆದ ಕೆರೆ ಅಂತಾರೆ.”

ಅತ್ತೆ ಒಳಗಿನಿಂದ ಕೂಗಿದರು. “ನಾಕು ತಲೆಮಾರು ಅಂತ ಬರಿಯೇ ಪುಷ್ಪಾ. ನಾನೂ ಇನ್ನ ಇದೀನಿ.”

ಯಜಮಾನರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ನಿರ್ಧಾರ ಹೇಳಿದರು. ಅಮಲ್ದಾರರು ಬರುವುದರೊಳಗೆ, ಅದು ಬಂಜರಲ್ಲ, ನಿಜವಾದ ಕೆರೆ ಎಂದು ತೋರಿಸಬೇಕು. ನೀರು ಹಿಂದೆ ಎಲ್ಲಿಯವರೆಗೆ ನಿಲ್ಲುತ್ತಿತ್ತೋ ಅಲ್ಲಿಯವರೆಗೆ ಗುರುತು ಹಾಕಬೇಕು. ಊರಿನ ಹಿರಿಯ ಕೆರಿಯಪ್ಪಜ್ಜ ಕೋಲೂರಿಕೊಂಡು ಬಂದು ಒಂದೊಂದೇ ಮರ ತೋರಿಸಿದರು. ಶಾಲೆಗೆ ಬಳಿದು ಉಳಿದಿದ್ದ ಸುಣ್ಣದಲ್ಲಿ ಇವರು ಆ ಮರಗಳಿಗೆ ಗೀಟು ಎಳೆದು ನಂಬರು ಬರೆದರು. ಜೊತೆಗೆ, ಸುಬ್ಬಯ್ಯನವರ ಆಳುಗಳು ಏನು ಮಾಡುತ್ತಾರೆಂದು ತಿಳಿಯಲು ದಿನವೂ ಬೆಳಿಗ್ಗೆ ಒಡೆದ ಏರಿಯ ಮೇಲೆ ನಿಂತು ದುರ್ಬೀನಿನಲ್ಲಿ ನೋಡತೊಡಗಿದರು. ಗೂಢಚಾರಿಕೆ ಎಂಬ ಶಬ್ದವನ್ನು ನಾನು ಬಳಸುವುದಿಲ್ಲ. ಯಾರಾದರೂ ಕೇಳಿದರೆ ಹಕ್ಕಿ ಎಣಿಸುತ್ತಿದ್ದೇನೆ ಎನ್ನಿ ಎಂದು ಹೇಳಿ, ನಂಬಿಕೆ ಬರಲೆಂದು ಶಾಲೆಯ ಒಂದು ನೋಟ್ ಬುಕ್ಕು ಕೊಟ್ಟು ಕಳಿಸಿದೆ.

ಕೇಳಿದವನು ಮಾಸ್ತಪ್ಪ. ನಮ್ಮೂರಿನ ಅರ್ಧ ಜನರಂತೆ ಮುಳುಗಡೆಯಿಂದ ಎದ್ದು ಬಂದವನು. ಶರಾವತಿಯ ಹಿನ್ನೀರಿನ ತಳದಲ್ಲಿ ಅವನ ಮನೆಯಿದೆ.

“ಎಂತ ಕಾಣ್ತಿದೀಯಾ, ಧರ್ಮಣ್ಣ?”

ನಮ್ಮ ಯಜಮಾನರಿಗೆ ಹೇಳಿಕೊಟ್ಟದ್ದು ಮರೆತುಹೋಯಿತು. ಸತ್ಯವನ್ನೇ ಹೇಳಿಬಿಟ್ಟರು.

“ನೀರು ಎಲ್ಲಿವರೆಗೆ ಬರ್ತದೆ ಅಂತ ನೋಡ್ತಿದೀನಿ, ಮಾರಾಯ.”

ಮಾಸ್ತಪ್ಪ ದುರ್ಬೀನು ನೋಡಿದ. ಮರಗಳ ಮೇಲಿನ ಬಿಳಿ ನಂಬರು ನೋಡಿದ. ಹೆಗಲ ಮೇಲಿದ್ದ ಸೌದೆ ಹೊರೆಯನ್ನು ಅಲ್ಲೇ ಇಳಿಸಿದ.

“ಇಲ್ಲಿಗೂ ಬಂತಾ?” ಎಂದವನೇ ಊರ ಕಡೆ ಓಡಿದ.

ಬೇರೆ ಸೀಮೆಯ ಜನರಿಗೆ ಇದು ಅರ್ಥವಾಗಲಿಕ್ಕಿಲ್ಲ. ಅವರ ಊರಿನಲ್ಲಿ ಮರದ ಮೇಲೆ ನಂಬರು ಕಂಡರೆ ಗುತ್ತಿಗೆದಾರ ಬಂದಿದ್ದಾನೆ ಎಂದುಕೊಂಡಾರು. ನಮ್ಮವರಿಗೆ ಮೊದಲು ದುರ್ಬೀನು, ಆಮೇಲೆ ಬಿಳಿ ನಂಬರು, ಆಮೇಲೆ ನೀರು. ಈ ಕ್ರಮದಲ್ಲಿ ಅವರಿಗೆ ಒಮ್ಮೆ ಪಾಠವಾಗಿತ್ತು.

ಮಧ್ಯಾಹ್ನದೊಳಗೆ ಹಿರೇಕೆರೆಗೆ ಅಣೆಕಟ್ಟು ಬರುತ್ತದೆಂದು ಊರಿಗೆಲ್ಲ ಗೊತ್ತಾಯಿತು. ಎರಡು ಗಂಟೆಯ ಬಸ್ಸು ಅದನ್ನು ಸಾಗರಕ್ಕೆ ಒಯ್ದಿತು, ನಾಲ್ಕು ಗಂಟೆಯದು ಹೊಸನಗರಕ್ಕೆ. ಸಂಜೆ ಬಸ್ಸು ತಿರುಗಿ ಬರುವಾಗ ಅಣೆಕಟ್ಟು ನೂರಿಪ್ಪತ್ತು ಅಡಿ ಎತ್ತರವಾಗಿತ್ತು.

ಪಕ್ಕದ ಮನೆ ದುಗ್ಗಮ್ಮ ಕೋಳಿಗೂಡು ಹೊತ್ತುಕೊಂಡೇ ಬಂದರು. “ಅಕ್ಕೋರೇ, ಇದನ್ನ ಎಷ್ಟು ಮೇಲೆ ಇಡ್ಲಿ?”

“ದುಗ್ಗಮ್ಮಾ, ಅಣೆಕಟ್ಟು ಬರೋದಿಲ್ಲ.”

“ಹಂಗಾದ್ರೆ ಬೇಗನೇ ಬರ್ತದೆ,” ಎಂದು ಅವರು ಹಣೆ ಚಚ್ಚಿಕೊಂಡರು. “ಅಲ್ಲಿ ಆಪೀಸರ್ರೂ ಹಿಂಗೇ ಅಂದಿದ್ರು. ಬರೋದಿಲ್ಲ ಅಂತ ಹೇಳಿದ ಆರನೇ ತಿಂಗಳಿಗೆ ನನ್ನ ಒಲೆ ಮುಳುಗ್ತು.”

ಅಲ್ಲಗಳೆದಷ್ಟೂ ಅಣೆಕಟ್ಟು ಗಟ್ಟಿಯಾಯಿತು. ಯಜಮಾನರು ಚಾವಡಿಯಲ್ಲಿ ನಿಂತು ತಾವು ಸುಮ್ಮನೆ ನೋಡುತ್ತಿದ್ದದ್ದು ಎಂದು ಆಣೆ ಇಟ್ಟರು. ಆಣೆ ಇಡುವಷ್ಟು ದೊಡ್ಡ ಯೋಜನೆಯೇ ಇರಬೇಕೆಂದು ಜನ ತೀರ್ಮಾನಿಸಿದರು. ತೀರ್ಥಹಳ್ಳಿಯಿಂದ ನನ್ನ ತಮ್ಮ ಬೆಳ್ಳಪ್ಪ ಬಾಡಿಗೆ ಲಾರಿ ತೆಗೆದುಕೊಂಡೇ ಬಂದ. ಬಂದವನು ಕಾಲು ತೊಳೆಯುವ ಮೊದಲೇ ನಮ್ಮ ಪಾತ್ರೆಗಳನ್ನು ಅಂಗಳಕ್ಕೆ ತಂದು ಜೋಡಿಸಿದ.

“ಭಾವ, ನೀವು ಸರ್ಕಾರದ ಮನುಷ್ಯ ಆದ್ರಿ ಅಂತ ಒಂದು ಮಾತು ಹೇಳ್ಬಾರ್ದಾ?”

“ನಾನು ಸರ್ಕಾರದ ಮನುಷ್ಯ ಅಲ್ಲ ಕಣೋ!”

“ಗುಟ್ಟಿನ ಕೆಲ್ಸ. ಆಯ್ತು ಬಿಡಿ.” ಅವನು ದನಿ ತಗ್ಗಿಸಿದ. “ತೀರ್ಥಹಳ್ಳಿಗೆ ಯಾವಾಗ ಬರ್ತದೆ ನೀರು?”

ನಾಲ್ಕನೇ ದಿನ ಸುಬ್ಬಯ್ಯನವರೇ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಚಿಪ್ಪು ಪುಟ್ಟಬಾಳೆ. ಅವರು ಕೈಗಳನ್ನು ಹಿಂದೆ ಕಟ್ಟಿಕೊಂಡು, ಪ್ರತಿ ಹೆಜ್ಜೆಗೂ ನಿಂತು, ನೆಲ ನೋಡಿ, ಮತ್ತೆ ಹೆಜ್ಜೆಯಿಡುವವರು. ಅಂಗಳ ದಾಟಲು ಐದು ನಿಮಿಷ ಹಿಡಿಯಿತು.

“ಧರ್ಮಪ್ಪ, ನನ್ನ ಹತ್ರ ಮುಚ್ಚುಮರೆ ಬೇಡ. ಅಣೆಕಟ್ಟು ಖಾತ್ರಿಯಾ?”

“ಅಣೆಕಟ್ಟೂ ಇಲ್ಲ ಎಂಥದೂ ಇಲ್ಲ, ಸುಬ್ಬಯ್ಯನೋರೇ.”

“ಗೊತ್ತು, ಗೊತ್ತು. ಹೇಳ್ಬಾರ್ದು ಅಂತ ಆರ್ಡರ್ ಇರ್ತದೆ.” ಸುಬ್ಬಯ್ಯನವರು ಕಣ್ಣು ಮಿಟುಕಿಸಿದರು. “ಲೋಕಾಭಿರಾಮವಾಗಿ ಕೇಳ್ತೀನಿ. ಜಾಗ ಮುಳುಗಿದ್ರೆ ಬಂಜರಿಗೆ ಜಾಸ್ತಿ ಪರಿಹಾರವೋ, ನೀರಿರೋ ತರಿಗೆ ಜಾಸ್ತಿಯೋ?”

“ತರಿಗೇ ಜಾಸ್ತಿ. ಅದು ಮಕ್ಕಳಿಗೂ ಗೊತ್ತು.”

“ಹಾಂ!” ಎಂದರು ಸುಬ್ಬಯ್ಯ. ಹೋಗುವಾಗ ಅಂಗಳವನ್ನು ಅರ್ಧ ನಿಮಿಷದಲ್ಲಿ ದಾಟಿದರು.

ಮರುದಿನ ಹಿರೇಕೆರೆಯ ಏರಿಯ ಮೇಲೆ ನಲವತ್ತು ಆಳು. ಒಡೆಸಿದವರೇ ಕಟ್ಟಿಸುತ್ತಿದ್ದರು. ಕಲ್ಲು ಬಂತು, ಜೇಡಿ ಬಂತು. ತೂಬು ಹೊಸದಾಯಿತು. ತಲೆತಲಾಂತರದಿಂದ ತುಂಬಿದ್ದ ಹೂಳನ್ನು ಗಾಡಿಗಟ್ಟಲೆ ಎತ್ತಿಸಿದರು. ಬ್ಯಾಣ ತಮ್ಮ ಸ್ವಾಧೀನದಲ್ಲಿದೆ ಎಂದು ತೋರಿಸಲು ಸುತ್ತ ಮುಳ್ಳುಬೇಲಿ ಹಾಕಿಸಿ, ದನ ನುಗ್ಗದಂತೆ, ಯಾರೂ ಬೆಂಕಿ ಹಾಕದಂತೆ ಕಾವಲುಗಾರನನ್ನು ಇಟ್ಟರು. ಉತ್ತ ಮೂಲೆಯನ್ನು ಹಾಗೇ ಬಿಟ್ಟರು. ಮುಳುಗುವ ನೆಲಕ್ಕೆ ಯಾರಾದರೂ ಬೀಜ ಹಾಕುತ್ತಾರೆಯೆ?

ನನಗೆ ಬೇರೆಯೇ ಚಿಂತೆ. ಊರಿನ ಜನ ಹೆದರಿ ಸಸಿಮಡಿ ಹಾಕದೆ ಕುಳಿತರೆ ಪಾಪ ಯಾರಿಗೆ? ಒಂದು ಭಾನುವಾರ ಮಾಸ್ತಪ್ಪನನ್ನು ಕರೆಸಿ, ಹಂಡೆಯಿಂದ ಹಿಡಿದು ಸುಣ್ಣದವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮೊದಲು ನಂಬಲಿಲ್ಲ. ಸುಣ್ಣದ ಡಬ್ಬಿ ತೋರಿಸಿದೆ. ನಿಧಾನವಾಗಿ ಅವನ ಮುಖ ಅರಳಿತು. ಎದ್ದು ಹೋಗಿ ಜಗುಲಿಯಿಂದ ಕೆರೆಯ ಕಡೆ ನೋಡಿದ. ನಲವತ್ತು ಆಳು ಬೆವರು ಸುರಿಸುತ್ತಿದ್ದರು.

“ಅಕ್ಕೋರೇ, ನಿಜ ಎಷ್ಟು ಜನಕ್ಕೆ ಹೇಳೀರಿ?”

“ಎಲ್ಲರಿಗೂ. ಯಾರೂ ನಂಬಲಿಲ್ಲ.”

“ಊರೋರಿಗೆ ನಾನು ಹೇಳ್ತೀನಿ, ನಂಬ್ತಾರೆ. ಸಾಗರದೋರಿಗೆ ಮಾತ್ರ ಯಾರೂ ಹೇಳ್ಬ್ಯಾಡಿ. ಏರಿ ಮುಗೀಲಿ.” ಯಜಮಾನರ ಕಡೆ ತಿರುಗಿದ. “ಧರ್ಮಣ್ಣ, ನೀನು ದಿನಾ ಹೋಗಿ ನಿಂತ್ಕೊ. ಆ ದುರ್ಬೀನು ತೆಗೀಬ್ಯಾಡ.”

ಹೀಗೆ ಗೇರುಕೊಪ್ಪ ಆ ವರ್ಷ ಒಂದು ಅಪೂರ್ವ ಕೆಲಸ ಮಾಡಿತು. ಇಡೀ ಊರು ಬಾಯಿ ಮುಚ್ಚಿಕೊಂಡಿತು. ಗದ್ದೆಗಳಲ್ಲಿ ನೆಟ್ಟಿ ಎಂದಿನಂತೆ ಆಯಿತು. ಸುಬ್ಬಯ್ಯನವರು ಕಂಡರೆ ಮಾತ್ರ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು. ದುಗ್ಗಮ್ಮ ಒಮ್ಮೆ ಕೋಳಿಗೂಡನ್ನು ತಬ್ಬಿಕೊಂಡು ಅತ್ತೂಬಿಟ್ಟರು. ಅಷ್ಟು ಬೇಕಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಆಗಸ್ಟಿಗೆ ಹಿರೇಕೆರೆ ಕೆರಿಯಪ್ಪಜ್ಜನ ಒಂದನೇ ನಂಬರಿನ ಮರ ಮುಟ್ಟಿತು. ದನ ಮುಟ್ಟದ ಬ್ಯಾಣದಲ್ಲಿ ಹುಲ್ಲು ಸೊಂಟದುದ್ದ ಬೆಳೆಯಿತು. ಉತ್ತು ಬಿಟ್ಟ ಮೂಲೆಗೂ ಕರಡದ ಹುಲ್ಲು ಹಬ್ಬಿತು. ಆಮೇಲೆ ಹಕ್ಕಿಗಳು ಬಂದವು. ಮೊದಲು ಹತ್ತು ಬೆಳ್ಳಕ್ಕಿ, ನಂತರ ನೀರುಕಾಗೆ, ನವರಾತ್ರಿಯ ಹೊತ್ತಿಗೆ ಎಲ್ಲಿಂದಲೋ ಬಾತುಗಳ ಹಿಂಡು. ಯಜಮಾನರು ಬೆಳಿಗ್ಗೆ ಹೋದವರು ಊಟಕ್ಕೂ ಬರುತ್ತಿರಲಿಲ್ಲ. ಸುಬ್ಬಯ್ಯನವರ ಮೇಲಿನ ಕಾವಲು ಯಾವಾಗಲೋ ಮರೆತುಹೋಗಿತ್ತು. ಗಾಜಿನ ಬೂಸ್ಟನ್ನು ಕರವಸ್ತ್ರದಿಂದ ತಿಕ್ಕುತ್ತಾ ನಿಜವಾಗಿಯೂ ಹಕ್ಕಿಗಳನ್ನೇ ಎಣಿಸುತ್ತಿದ್ದರು.

ಕಾರ್ತಿಕದಲ್ಲಿ ಅಮಲ್ದಾರರ ಜೀಪು ಬಂತು. ದರಖಾಸ್ತಿನ ಸ್ಥಳ ತನಿಖೆ. ಜೊತೆಗೆ ಅರಣ್ಯ ಇಲಾಖೆಯ ರೇಂಜರು, ಒಣಕಲು ಮನುಷ್ಯ. ಊರೆಲ್ಲ ಏರಿಯ ಮೇಲೆ ಸೇರಿತು. ಸುಬ್ಬಯ್ಯನವರು ಜರಿ ಪೇಟ ಸುತ್ತಿಕೊಂಡು ಮುಂದೆ ನಿಂತರು. ನಮ್ಮ ಯಜಮಾನರು ಜನರ ಹಿಂದೆ. ನಾನು ಅವರ ಹಿಂದೆ, ಓಡಿಹೋಗದಂತೆ.

ಅಮಲ್ದಾರರು ಫೈಲು ಬಿಚ್ಚಿದರು. “ಸುಬ್ಬಯ್ಯನವರೇ, ಇದು ನಿಮ್ಮ ಅರ್ಜಿ ತಾನೆ? ಮಾರ್ಚ್ ತಿಂಗಳದ್ದು. ‘ಸದರಿ ಜಾಗ ಬರೀ ಬಂಜರು. ಕೆರೆ ಎಂಬುದು ಹೆಸರಿಗೆ ಮಾತ್ರ. ಅಲ್ಲಿ ಒಂದು ಕಪ್ಪೆಗೂ ನೀರಿಲ್ಲ.’”

“ನನ್ನದೇ, ಸ್ವಾಮಿ.”

“ಇದು? ಆಗಸ್ಟಿನಲ್ಲಿ ಮುಳುಗಡೆ ಪರಿಹಾರಕ್ಕೆ ಅಂತ ಬರೆದದ್ದು. ಯಾವ ಮುಳುಗಡೆ ಅಂತ ಗೊತ್ತಾಗದೆ ಮೂರು ಆಫೀಸು ಸುತ್ತಿ ನನ್ನ ಹತ್ರ ಬಂದಿದೆ. ‘ಸದರಿ ಕೆರೆ ಅನಾದಿ ಕಾಲದಿಂದಲೂ ತುಂಬಿ ತುಳುಕುತ್ತಿದ್ದು, ಇದುವರೆಗೆ ಒಮ್ಮೆಯೂ ಬತ್ತಿರುವುದಿಲ್ಲ.’”

“ಅದೂ ನನ್ನದೇ.”

“ಅನಾದಿ ಕಾಲದಿಂದ. ಮಾರ್ಚ್ ತಿಂಗಳು ಒಂದು ಬಿಟ್ಟು?”

ಹಿಂದೆ ಯಾರೋ ಕಿಸಕ್ಕೆಂದರು. ಸುಬ್ಬಯ್ಯನವರು ಪೇಟ ಸರಿಮಾಡಿಕೊಂಡು ಕೊನೆಯ ಅಸ್ತ್ರ ತೆಗೆದರು. “ಸ್ವಾಮಿ, ಪಂಚಾಯಿತಿಯದ್ದೇ ತಕರಾರಿಲ್ಲ. ಅಧ್ಯಕ್ಷತೆ ವಹಿಸಿದೋರು ಧರ್ಮಪ್ಪ. ಸಹಿ ನೋಡಿ.”

ಜನ ಎರಡು ಪಾಲಾಗಿ ದಾರಿ ಬಿಟ್ಟರು. ನಡುವೆ ನಮ್ಮ ಯಜಮಾನರು ಒಬ್ಬರೇ ಉಳಿದರು. ದುಗ್ಗಮ್ಮ ನನ್ನ ಕಡೆ ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಎಲ್ಲ ಬಿಡಿಸಿ ಹೇಳಿದ ದಿನವೂ ಸಹಿಯ ವಿಷಯವೊಂದನ್ನು ನಾವು ಮಾಸ್ತಪ್ಪನಿಂದ ಬಚ್ಚಿಟ್ಟಿದ್ದೆವು.

“ಸಹಿ ನಿಮ್ಮದಾ?” ಅಮಲ್ದಾರರು ಕೇಳಿದರು.

“ನಂದೇ, ಸ್ವಾಮಿ.”

“ಓದಿ ಹಾಕಿದಿರಾ?”

“ಇಲ್ಲ, ಸ್ವಾಮಿ.”

“ಯಾಕೆ?”

ಯಜಮಾನರು ತಲೆ ತಗ್ಗಿಸಿದರು. “ಕಿಟಕಿಯಾಚೆ ಒಂದು ಹಕ್ಕಿ ಕೂತಿತ್ತು.”

ಆಗ ಅಷ್ಟು ಹೊತ್ತು ತೂಕಡಿಸಿದಂತಿದ್ದ ರೇಂಜರು ತಟ್ಟನೆ ತಲೆಯೆತ್ತಿದರು. “ಯಾವ ಹಕ್ಕಿ?”

“ಹೆಸರು ಗೊತ್ತಿಲ್ಲ. ಆದ್ರೆ ಆಮೇಲೆ ನೆನೆಸ್ಕೊಂಡು ಬರ್ಕೊಂಡಿದೀನಿ.”

ನೋಟ್ ಬುಕ್ಕು ಜೇಬಿನಿಂದ ಹೊರಬಂತು. ರೇಂಜರು ಅದನ್ನು ಕಸಿದುಕೊಂಡು ಗಟ್ಟಿಯಾಗಿ ಓದತೊಡಗಿದರು. ಹಾಗೆ ಓದಬಾರದಿತ್ತು. ನಮ್ಮ ಯಜಮಾನರಿಗೆ ಹಕ್ಕಿಗಳ ಹೆಸರು ಬರುತ್ತಿರಲಿಲ್ಲ. ಯಾರ ಹೋಲಿಕೆ ಕಂಡಿತೋ ಅವರ ಹೆಸರಿನಲ್ಲಿ ಬರೆದಿದ್ದರು.

“ಅಕ್ಟೋಬರ್ ಹನ್ನೊಂದು. ಕೈ ಹಿಂದೆ ಕಟ್ಟಿ ಸುಬ್ಬಯ್ಯನೋರ ಹಾಗೆ ನಡೆಯುವುದು, ಎಂಟು.”

“ಎಂತದು!” ಎಂದರು ಸುಬ್ಬಯ್ಯ.

“ಅಮ್ಮನ ಹಾಗೆ ದಿನವಿಡೀ ಗೊಣಗುವುದು, ಹದಿಮೂರು.”

“ನಾನೆಲ್ಲಿ ಗೊಣಗ್ತೀನೋ?” ಅತ್ತೆ ಗೊಣಗಿದರು.

“ಇವಳು ಗಾಬರಿಯಾದಾಗ ಮಾಡುವಂತೆ ಕತ್ತು ಆಡಿಸುವುದು, ಇಪ್ಪತ್ತೊಂದು.”

ಈ ಸಾಲಿನ ಬಗ್ಗೆ ನಾನು ಏನೂ ಹೇಳುವುದಿಲ್ಲ.

“ಬೂದಿ ಬಣ್ಣ, ದೊಡ್ಡ ಹೊಟ್ಟೆ, ಅಮಲ್ದಾರರ ಹಾಗೆ ಎಲ್ಲರಿಗಿಂತ ತಡವಾಗಿ ಬರುವುದು…” ರೇಂಜರು ಕೆಮ್ಮಿ ಹಾಳೆ ತಿರುಗಿಸಿದರು. ಹಿಂದೆ ಮುಂದೆ ತಿರುಗಿಸಿದರು.

“ಏಪ್ರಿಲ್ಲಿನಿಂದ ಒಂದು ದಿನವೂ ಬಿಟ್ಟಿಲ್ಲ, ಸಾರ್! ಹಕ್ಕಿ ಸೇರುವ ಜಾಗ ಹುಡುಕಿ, ತಾರೀಖು ಸಮೇತ ಲೆಕ್ಕ ಕೊಡಿ ಅಂತ ಮೇಲಿನವರು ಎರಡು ವರ್ಷದಿಂದ ಜೀವ ತಿಂತಿದಾರೆ. ಇಲಾಖೆಯಲ್ಲಿ ಇಂಥದ್ದು ಒಂದು ಹಾಳೆ ಇಲ್ಲ. ಇದನ್ನ ಪಕ್ಷಿಧಾಮ ಮಾಡಿ ಕಾದಿರಿಸಬೇಕು. ಕೆರೆ, ಹುಲ್ಲು, ಎಲ್ಲಾ.”

ಅಮಲ್ದಾರರು ತಮ್ಮ ಹೊಟ್ಟೆಯ ಕಡೆ ಒಮ್ಮೆ ನೋಡಿಕೊಂಡು, ಆಮೇಲೆ ಕೆರೆಯ ಕಡೆ ನೋಡಿದರು. ದೊಡ್ಡ ಮನುಷ್ಯರು. “ಪಂಚಾಯಿತಿಗೆ ತಕರಾರಿಲ್ಲದ್ದು ಬಂಜರಿನ ಬಗ್ಗೆ. ಇಲ್ಲಿ ನನಗೆ ಬಂಜರು ಕಾಣ್ತಿಲ್ಲ. ಇಲ್ಲದ ಜಾಗದ ಕಾಗದಕ್ಕೆ ಬೆಲೆ ಇಲ್ಲ. ಜೀವಂತ ಕೆರೆಯನ್ನ ಖಾಸಗಿಯವರಿಗೆ ಕೊಡೋದಕ್ಕೂ ಆಗೋದಿಲ್ಲ. ದರಖಾಸ್ತು ವಜಾ.” ಜನರ ಕಡೆ ತಿರುಗಿದರು. “ಆದರೆ ಪಕ್ಷಿಧಾಮ ಆದರೆ ನೀವೂ ಉಳೋ ಹಾಗಿಲ್ಲ. ಬೆಂಕಿ ಹಾಕೋ ಹಾಗಿಲ್ಲ. ಹಕ್ಕಿ ಮರಿ ಮಾಡೋ ತಿಂಗಳು ದನ ಬಿಡೋ ಹಾಗಿಲ್ಲ. ಮರಿ ಹಾರಿದ ಮೇಲೇ ಹುಲ್ಲು ಕೊಯ್ಲು. ಒಪ್ಪಿಗೆಯೋ?”

ಸರ್ಕಾರ ಒಪ್ಪಿಗೆ ಕೇಳುವುದು ಊರಿನವರಿಗೆ ಹೊಸದು. ಮಾಸ್ತಪ್ಪ ಮುಂದೆ ಬಂದ. ನಮ್ಮ ಯಜಮಾನರನ್ನು ಕೆಕ್ಕರಿಸಿ ನೋಡಿದ. ಸಹಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಮೇಲೆ ನೀರಿನ ಕಡೆ ನೋಡಿದ.

“ಆವತ್ತು ನಮ್ಮನ್ನ ಎಬ್ಸಿ ನೀರು ಬಿಟ್ರು, ಸ್ವಾಮಿ. ಇಲ್ಲಿ ನೀರು ಬಂತು, ಯಾರನ್ನೂ ಎಬ್ಸಲಿಲ್ಲ. ಮತ್ತೂ ಇಷ್ಟು ಜನ ಒಕ್ಕಲು ಬಂದ್ರು.” ಬಾತುಗಳ ಕಡೆ ಕೈ ತೋರಿಸಿದ. “ಇರ್ಲಿ. ಎಬ್ಬಿಸೋದು ಬ್ಯಾಡ.”

ಕೈ ಎತ್ತಿ ಎಂದು ಯಾರೂ ಹೇಳಲಿಲ್ಲ. ಏರಿಯ ಈ ತುದಿಯಿಂದ ಆ ತುದಿಯವರೆಗೆ ಕೈಗಳು ತಾವಾಗಿ ಎದ್ದವು. ದುಗ್ಗಮ್ಮ ಎರಡು ಎತ್ತಿದರು. ಯಾರೋ ಹೋ ಎಂದು ಕೂಗಿದ ಸದ್ದಿಗೆ ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೆದ್ದು, ನಮ್ಮ ತಲೆಯ ಮೇಲೊಂದು ಸುತ್ತು ಹೊಡೆದು, ಮತ್ತೆ ಅಲ್ಲೇ ಇಳಿದವು. ಗಂಡಸರು ನಮ್ಮ ಯಜಮಾನರನ್ನು ಹೆಗಲ ಮೇಲೆ ಎತ್ತಿಕೊಂಡರು. ಸಹಿಯ ನೆನಪಾಗಿ ಕೆಸರಿಗೆ ಹಾಕಿದರು. ಮತ್ತೆ ಎತ್ತಿಕೊಂಡರು.

ಮರುವರ್ಷ ಆರ್ಡರು ಬಂತು. ಬೋರ್ಡು ನೆಟ್ಟರು. ಏರಿಯ ಉಸ್ತುವಾರಿಗೆ ಒಂದು ಸಮಿತಿ ಬೇಕಾದಾಗ ಅಮಲ್ದಾರರು ಅಧ್ಯಕ್ಷತೆಗೆ ಸುಬ್ಬಯ್ಯನವರ ಹೆಸರನ್ನೇ ಬರೆದರು. ಇಷ್ಟು ಗಟ್ಟಿ ಏರಿ ಕಟ್ಟಿಸಿದವರು ತಾಲ್ಲೂಕಿನಲ್ಲೇ ಇಲ್ಲವೆಂದು ಅವರ ಅಭಿಪ್ರಾಯ. ಸುಬ್ಬಯ್ಯನವರು ಒಂದು ತಿಂಗಳು ಮುನಿಸಿಕೊಂಡಿದ್ದರು. ಆಮೇಲೆ ಸಾಗರದ ನೆಂಟರನ್ನು ಕರೆತಂದು ‘ನಮ್ಮ ಕೆರೆ’ ತೋರಿಸತೊಡಗಿದರು.

ಆ ಜುಲೈಯಲ್ಲಿ ಒಂದು ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಗೌರಿ ಹಗ್ಗ ಹರಿದುಕೊಂಡು ಹೋಗಿತ್ತು. ಹುಡುಕುತ್ತಾ ಕೆರೆಯ ಹತ್ತಿರ ಹೋಗುವಷ್ಟರಲ್ಲಿ ಸುಬ್ಬಯ್ಯನವರ ಕೂಗು ಕೇಳಿತು.

“ಯಾರದ್ರೀ ಈ ದನ? ಕಣ್ಣಿಲ್ವಾ? ಹಕ್ಕಿ ಮೊಟ್ಟೆ ಇಟ್ಟಿದಾವೆ ಇಲ್ಲಿ! ಮೆಂಬರ್ ಮನೇದಾದ್ರೂ ಬಿಡಲ್ಲ, ಅಮಲ್ದಾರರದ್ದಾದ್ರೂ ಬಿಡಲ್ಲ!”

ಗೌರಿಯನ್ನು ಅವರೇ ಹಗ್ಗ ಹಿಡಿದು ಪಂಚಾಯಿತಿಯ ದೊಡ್ಡಿಗೆ ಎಳೆದುಕೊಂಡು ಹೋದರು. ಮೊಣಕಾಲವರೆಗೆ ಕೆಸರು, ಪೇಟ ಓರೆ.

ನಾನು ಮನೆಗೆ ಬಂದು ಯಜಮಾನರಿಗೆ ಹೇಳಿದೆ. “ನಮ್ಮ ಹಸುವನ್ನ ದೊಡ್ಡಿಗೆ ಹಾಕಿದಾರೆ.”

“ಯಾರು?”

“ಸುಬ್ಬಯ್ಯನವರು. ಬ್ಯಾಣಕ್ಕೆ ನುಗ್ಗಿತು ಅಂತ.”

ಯಜಮಾನರು ಎದ್ದು, ಮದುವೆಗೆ ಹೋಗುವ ಅಂಗಿ ತೊಟ್ಟು, ಕ್ರಾಪು ಬಾಚಿಕೊಂಡು, ದಂಡ ಕಟ್ಟಲು ಹೊರಟರು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ನಿಂತು ನಿಂತು ಹೇಳಿದರು. “ನಮ್ಮ ಹಸುನ ಸುಬ್ಬಯ್ಯನೋರೇ ಹಿಡಿದಿದಾರೆ ಕಣ್ರೋ, ಹಕ್ಕಿ ಮೊಟ್ಟೆಗೋಸ್ಕರ! ನಮ್ಮದೇ!”

ದೊಡ್ಡಿ ಮುಟ್ಟುವ ಹೊತ್ತಿಗೆ ಅವರ ಹಿಂದೆ ಅರ್ಧ ಊರು ಇತ್ತು.